ಉದ್ದ ಮೂಗಿನ ಗಾಡಿ

ನಾಗಣಸೂರ
೨೪ ಸೆಪ್ಟೆಂಬರ್ ೨೦೨೪

ಲಕ್ಷ್ಮೀಕಾಂತನಿಗೆ ಸಿದ್ಧರಾಮನ ನಮಸ್ಕಾರ.

ನೀನು ಫೋನು ಎತ್ತುವುದಿಲ್ಲ. ಎತ್ತಿದರೂ ಹಾಂ, ಹೂಂ ಬಿಟ್ಟರೆ ಮಾತಿಲ್ಲ. ನಾನೂ ನಿನ್ನ ಉಸಿರು ಕೇಳಿದೊಡನೆ ಫೋನು ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ. ಸೊಲ್ಲಾಪುರದ ಚಾಟಿ ಗಲ್ಲಿಯ ನಿನ್ನ ಚಾದರಿನ ಅಂಗಡಿಯಲ್ಲಿ ಇಷ್ಟು ವರ್ಷ ಮರಾಠಿ ಬಿಲ್ಲು ಬರೆದರೂ, ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ ನನ್ನ ಮಗ್ಗುಲಿಗೆ ಕೂತು ಕಲಿತ ಅಕ್ಷರ ನಿನಗೆ ಮರೆತಿರಲಿಕ್ಕಿಲ್ಲ.

ಯುವರಾಜ ಬುಕ್ ಮಾಡಿದ್ದ ಗಾಡಿ ನವರಾತ್ರಿಗೆ ಬರುತ್ತದೆಂದು ಕೇಳಿದೆ. ಮಗನೇ ಹೋದ ಮೇಲೆ ಗಾಡಿ ಯಾಕೆ, ಬೇಡವೆಂದು ಬರೆದುಬಿಡು ಎಂದು ನಿನ್ನ ಅಣ್ಣತಮ್ಮಂದಿರು ಹೇಳಿದರಂತೆ. ನೀನು "ಅಂವ ಕರಸ್ಯಾನ, ಬರ್ಲಿ" ಅಂದೆಯಂತೆ. ಒಳ್ಳೆಯದು ಮಾಡಿದೆ. ಹುಡುಗ ಆ ಗಾಡಿಗಾಗಿ ಎಷ್ಟು ಕಾದಿದ್ದ ಎಂಬುದು ನಿನಗಿಂತ ನನಗೆ ಚೆನ್ನಾಗಿ ಗೊತ್ತು.

ಆದರೆ ಆ ಗಾಡಿಯ ರೂಪದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅದನ್ನು ಹೇಳದಿದ್ದರೆ ಉಂಡ ಅನ್ನ ಅರಗುವುದಿಲ್ಲ. ನಿನಗೆ ಗಾಡಿ ಎಂದರೆ ನಾಲ್ಕು ಗಾಲಿ, ಒಂದು ಹಾರ್ನು. ಆದ್ದರಿಂದ ಬಿಡಿಸಿ ಹೇಳುತ್ತೇನೆ. ಈ ಜಾತಿಯ ಗಾಡಿಗೆ ಎಂಜಿನ್ ಮುಂದೆ ಇರುವುದಿಲ್ಲ, ಕೂತವನ ಬೆನ್ನಿಗೆ ಇರುತ್ತದೆ. ಮುಂದಿನ ಬಾನೆಟ್ ಎತ್ತಿದರೆ ಸಿಗುವುದು ಬರೀ ಖಾಲಿ ಪೆಟ್ಟಿಗೆ, ಒಂದು ಚೀಲ ಹಿಡಿಸುವಷ್ಟು. ಹಾಗಿದ್ದ ಮೇಲೆ ಮೂಗು ಮೋಟಾಗಿ, ತಗ್ಗಾಗಿ ಇರುವುದು ಧರ್ಮ. ಹಳೆಯ ಮಾದರಿ ಹಾಗೇ ಇತ್ತು. ಎರಡು ಅಗಲವಾದ ದೀಪ, ಹಿಂದೆ ಗಾಜಿನ ಕೆಳಗೆ ಎಂಜಿನ್ ಕಾಣುತ್ತಿತ್ತು. ಈಗ ಹೊಸದಾಗಿ ತಿದ್ದಿದ ಪುಣ್ಯಾತ್ಮರು ಮೂಗನ್ನು ಗೇಣುದ್ದ ಎಳೆದಿದ್ದಾರೆ. ದೀಪಗಳನ್ನು ಒಂದು ಕರಿ ಪಟ್ಟಿಯೊಳಗೆ ಅಡಗಿಸಿದ್ದಾರೆ, ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಹಿಂದಿನ ಗಾಜು ತೆಗೆದು ತಗಡು ಮುಚ್ಚಿದ್ದಾರೆ. ಇದ್ದದ್ದನ್ನು ಮುಚ್ಚಿ ಇಲ್ಲದ್ದಕ್ಕೆ ಜಾಗ ಮಾಡಿದ್ದಾರೆ.

ನಮ್ಮ ಗಾಡಿ ಹುಚ್ಚರ ಮಂಡಳಿಯ ವಾಟ್ಸಾಪಿನಲ್ಲಿ ಇದೇ ಜಗಳ. ದುಧನಿಯ ತೊಗರಿ ವ್ಯಾಪಾರಿ ಶಾಂತಲಿಂಗಪ್ಪನವರು "ಕರಿ ಚಶ್ಮಾ ಹಾಕ್ಕೊಂಡ ಬಾತುಕೋಳಿ" ಎಂದು ಬರೆದರು. ಕುಂಭಾರಿಯ ಆಕಾಶ, "ಮುಂದಿಂದು ಒಬ್ಬಾಂವಂದು, ಹಿಂದಿಂದು ಇನ್ನೊಬ್ಬಾಂವಂದು, ನಡುವ ಹೊಲಿಗಿ ಹಾಕ್ಯಾರ" ಎಂದ. ಇಡೀ ಮಂಡಳಿಯಲ್ಲಿ ಅದನ್ನು ಮೆಚ್ಚಿದವನು ಯುವರಾಜ ಒಬ್ಬನೇ. ಅವನಿಗೂ ನನಗೂ ಆ ಮಾತು ಅರ್ಧಕ್ಕೆ ನಿಂತಿದೆ. ಅದು ನಮ್ಮಿಬ್ಬರದು, ನಿನಗೆ ಬೇಡ.

ಪ್ರತಿ ವರ್ಷದ ಹಾಗೆ ನಿನ್ನ ಮನೆಯಾಕೆ ಸುವರ್ಣಾಗೆ, ನವರಾತ್ರಿಯಲ್ಲಿ ದೇವಿಯನ್ನು ಕರೆದು ಕೂಡಿಸುವ ಘಟದ ಮಣ್ಣು ನಮ್ಮ ಹೊಲದಿಂದ ಕಳಿಸಿದ್ದೇನೆ. ಕಳಿಸಿದ ಮೇಲೆ ಅವ್ವ ಬೈದಳು, ವರ್ಷದೊಳಗೆ ಆ ಮನೆಯಲ್ಲಿ ಹಬ್ಬ ಎಲ್ಲಿಯದು ಎಂದು. ನನ್ನ ತಲೆ ನೋಡು. ಆ ಮಣ್ಣನ್ನು ತುಳಸಿಗೆ ಹಾಕಿಬಿಡಲಿ.

ನಿನ್ನನ್ನು ಬಿಟ್ಟು ಯಾರ ಮೇಲೂ ಸಿಟ್ಟು ಮಾಡಲು ಬಾರದ
ಸಿದ್ಧರಾಮ


ಸೊಲ್ಲಾಪುರ
೭ ಅಕ್ಟೋಬರ್ ೨೦೨೪

ಸಿದ್ಧರಾಮ,

ಗಾಡಿ ಬಂತು. ನೀಲಿ. ನಮ್ಮ ಚಾದರಿನ ನೀಲಿಗಿಂತ ಒಂದು ಪಟ್ಟು ಗಾಢ, ಬಣ್ಣ ಬಿಡುವ ಮಾಲಲ್ಲ ಅನ್ನಿಸುತ್ತದೆ. ಇದಕ್ಕಿಂತ ಹೆಚ್ಚಿಗೆ ನನಗೆ ತಿಳಿಯುವುದಿಲ್ಲ. ಚಾಟಿ ಗಲ್ಲಿಯಲ್ಲಿ ಕೈಗಾಡಿಯೇ ಹೊರಳುವುದಿಲ್ಲ, ಇದು ಎಲ್ಲಿಂದ ಹೊರಳಬೇಕು? ಅಕ್ಕಲಕೋಟ ರಸ್ತೆಯ ನಮ್ಮ ಗೋದಾಮಿನಲ್ಲಿ, ಚಾದರಿನ ಗಂಟುಗಳ ನಡುವೆ ಜಾಗ ಮಾಡಿ ಇಳಿಸಿದ್ದೇವೆ.

ಪೂಜೆಗೆ ಮನೆಯ ಅಯ್ಯನವರನ್ನು ಕರೆಸಿದ್ದೆ. ಎಂಜಿನ್ನಿಗೆ ವಿಭೂತಿ ಹಚ್ಚಬೇಕು, ಬಾನೆಟ್ ತೆಗೆಯಿರಿ ಅಂದರು. ನೀನು ಬರೆದದ್ದು ನನಗೆ ಆ ಹೊತ್ತಿಗೆ ನೆನಪಿಗೇ ಬರಲಿಲ್ಲ. ಗಾಡಿ ತಂದ ಮನುಷ್ಯ ಚಹಾ ಕುಡಿಯಲು ಹೋಗಿದ್ದ. ನಾವೇ ಎತ್ತಿದೆವು. ಒಳಗೆ ಏನೂ ಇಲ್ಲ. ಕರಿ ಪೆಟ್ಟಿಗೆ, ಅದರೊಳಗೆ ತಾನೇ ಹತ್ತಿಕೊಂಡ ಒಂದು ಸಣ್ಣ ದೀಪ. ಅಯ್ಯನವರು ಕೈಯಲ್ಲಿ ವಿಭೂತಿ ಹಿಡಿದು ನನ್ನ ಮುಖ ನೋಡಿದರು. "ಎಂಜಿನ್ ಇನ್ನೂ ಹಾಕಿಲ್ಲೇನ್ರಿ ಸಾವಕಾರ್ರ?" ಎಂದರು. ನಗಬೇಕಾದ ಮಾತು. ಯಾರೂ ನಗಲಿಲ್ಲ.

ಸುವರ್ಣಾ ಮಾತ್ರ ಆ ಖಾಲಿ ಪೆಟ್ಟಿಗೆಯನ್ನೇ ನೋಡುತ್ತ ನಿಂತಳು. ಆಮೇಲೆ, "ಮನ್ಯಾಗ ವರ್ಷದೊಳಗ ಹಬ್ಬ ಇಲ್ಲ. ಇದು ಮನಿ ಅಲ್ಲಲ್ಲ? ಘಟ ಇಲ್ಲೇ ಕೂಡಸ್ತೀನಿ" ಅಂದಳು.

"ಖಾಲಿ ಜಾಗಾದಾಗ ಯಾರ್ನ ಕರೀತೀರವ್ವಾ?" ಅಂದರು ಅಯ್ಯನವರು.

"ಯಾರ ಜಾಗಾ ಐತಿ, ಅವರ್ನ."

ಅವಳ ಎದುರು ಮಾತಾಡುವ ಧೈರ್ಯ ಈಗ ನಮ್ಮಲ್ಲಿ ಯಾರಿಗೂ ಇಲ್ಲ. ನೀನು ಕಳಿಸಿದ ಮಣ್ಣನ್ನೇ ಪತ್ರಾವಳಿಯ ಮೇಲೆ ಹರಡಿ, ಜೋಳ, ಗೋಧಿ ಬಿತ್ತಿ, ನಡುವೆ ಮಣ್ಣಿನ ಗಡಿಗೆ ಇಟ್ಟಳು. ಪೆಟ್ಟಿಗೆಯ ದೀಪ ಇರುವಾಗ ನಂದಾದೀಪ ಬೇರೆ ಬೇಡವೆಂದಳು. ದಿನಾ ಹೋಗಿ ಒಂದು ಹೂವಿನ ಮಾಲೆ ಇಳಿಬಿಡುತ್ತಾಳೆ. ಯುವರಾಜ ಹೋದಾಗಿನಿಂದ ಸರಿಯಾಗಿ ಒಂದು ತುತ್ತು ಉಂಡಿರಲಿಲ್ಲ. ಈಗ ಗೋದಾಮಿನಿಂದ ಬಂದು ಉಣ್ಣುತ್ತಾಳೆ. ಹಾಗಾಗಿ ನಾನು ಸುಮ್ಮನಿದ್ದೇನೆ.

ಹಳೆಯ ಬೆಂಚಿನವನು,
ಲಕ್ಷ್ಮೀಕಾಂತ


ನಾಗಣಸೂರ
೨೨ ಅಕ್ಟೋಬರ್ ೨೦೨೪

ಲಕ್ಷ್ಯಾ,

ಎಂಜಿನ್ ಇಲ್ಲದ ಗಾಡಿ ಕೊಂಡ ಸಾಹುಕಾರನೆಂದು ನಿನ್ನನ್ನು ಮಂಡಳಿಯಲ್ಲಿ ಎರಡು ದಿನ ಆಡಿಕೊಂಡೆವು. ಬೇಜಾರು ಮಾಡಿಕೊಳ್ಳಬೇಡ. ಅಯ್ಯನವರದೇನು ತಪ್ಪು? ಹುಟ್ಟಿದಾಗಿನಿಂದ ಟ್ರ್ಯಾಕ್ಟರಿಗೆ, ಜೀಪಿಗೆ ಮುಂದೆಯೇ ಪೂಜೆ ಮಾಡಿದ ಕೈ ಅದು. ಮೂಗನ್ನು ಅಷ್ಟು ಉದ್ದ ಎಳೆದು ಒಳಗೆ ಏನೋ ಇದೆ ಎಂದು ತೋರಿಸಿದವರದು ತಪ್ಪು. ಇದನ್ನೇ ನಾನು ಮೊದಲಿನಿಂದ ಬಡಕೊಂಡದ್ದು.

ಕಳೆದ ಭಾನುವಾರ ಶಾಂತಲಿಂಗಪ್ಪನವರೂ ಆಕಾಶನೂ ನಿನ್ನ ಗೋದಾಮಿಗೆ ಬಂದಿದ್ದರಲ್ಲ. ನನಗೆ ಹೊಲಕ್ಕೆ ನೀರು ಬಿಡುವ ಪಾಳಿ ಇತ್ತು, ಬರಲಾಗಲಿಲ್ಲ. ಹೋಗುವಾಗ ಇಬ್ಬರೂ ಬಾಯಿ ತುಂಬ ಮಾತು. ಬಂದ ಮೇಲೆ ಮಂಡಳಿಯಲ್ಲಿ ಒಂದು ಫೋಟೋ ಸಹ ಹಾಕಿಲ್ಲ. ಶಾಂತಲಿಂಗಪ್ಪನವರನ್ನು ದುಧನಿಯ ಅಡತಿ ಅಂಗಡಿಯಲ್ಲಿ ಹಿಡಿದು ಕೇಳಿದೆ. "ಹಿಂದ ಚೊಲೊ ಐತ್ರಿ. ಮುಂದ ನಾ ಸರಿಯಾಗಿ ನೋಡ್ಲಿಲ್ಲ" ಅಂದರು. ಗಾಡಿ ನೋಡಲೆಂದೇ ಅಷ್ಟು ದೂರ ಹೋದವರು ಮುಖ ನೋಡದೆ ಬಂದರೆಂದರೆ ನಂಬಬೇಕೆ? ಆಕಾಶನನ್ನು ಕೇಳಿದರೆ, "ಕಣ್ಣಿಗಿ ಪಟ್ಟಿ ಕಟ್ಟ್ಯಾರ ಅಂತ ನಾವು ನಗತಿದ್ವಿ. ಪಟ್ಟಿ ಒಳಗಿಂದ ಅದು ನೋಡತೈತ್ರಿ ಕಾಕಾ" ಅಂದ. ಬಿಸಿಲಿಗೆ ತಲೆ ತಿರುಗಿರಬೇಕು. ತಗಡಿನ ಗೋದಾಮು ಬೇರೆ.

ಒಂದು ಮಾತು ಅವ್ವ ಕೇಳಲು ಹೇಳಿದ್ದಾಳೆ. ದಸರೆಯ ದಿನ ಗಡಿಗೆ ಕದಲಿಸಿ ಘಟ ಎಬ್ಬಿಸಿದಿರೋ ಇಲ್ಲವೋ? ಎಬ್ಬಿಸಿದ್ದರೆ ಆ ಮಣ್ಣು, ಸಸಿ ಹರಿಯುವ ನೀರಿಗೆ ಬಿಟ್ಟಿರಾ? "ಹೌದು" ಎಂದು ಒಂದು ಸಾಲು ಬರೆದು ಹಾಕು, ಮುದುಕಿಗೆ ಸಮಾಧಾನ. ನನಗೆ ಇದರಲ್ಲಿ ಅಂಥ ನಂಬಿಕೆಯಿಲ್ಲ, ಆದರೆ ದಿನಾ ರೊಟ್ಟಿ ಬಡಿಯುತ್ತ ಅವಳು ಇದನ್ನೇ ಕೇಳುತ್ತಾಳೆ.

ಉತ್ತರ ಕಾಯುತ್ತಿರುವ
ಸಿದ್ಧರಾಮ


ಸೊಲ್ಲಾಪುರ
೧೬ ನವೆಂಬರ್ ೨೦೨೪

ಸಿದ್ಧರಾಮ,

ಬರೆಯಲು ತಡವಾಯಿತು. ದೀಪಾವಳಿಯ ಗಿರಾಕಿ ಇತ್ತು, ಆದರೆ ಅಂಗಡಿಯಲ್ಲಿ ನನ್ನ ಮನಸ್ಸು ನಿಲ್ಲುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಗೋದಾಮಿಗೆ ಹೋಗಿ ಗಾಡಿಯಲ್ಲಿ ಕೂರುತ್ತೇನೆ. ಅಲ್ಲಿ ತಂಪು. ಹೊರಗೆ ತಗಡು ಕಾದು ಚಟಚಟ ಅನ್ನುತ್ತಿದ್ದರೂ ಒಳಗೆ ತಂಪು.

ಘಟ ಎಬ್ಬಿಸಿಲ್ಲ. ದಸರೆಯ ಬೆಳಿಗ್ಗೆ ಸುವರ್ಣಾ, "ಇನ್ನಾ ನಾಕ ದಿನಾ ಇರ್ಲಿ, ಈಗರೆ ಬಂದಾನ" ಅಂದಳು. ಯಾರು ಬಂದಾನೆ ಎಂದು ನಾನು ಕೇಳಲಿಲ್ಲ. ಬಾನೆಟ್ ಮುಚ್ಚಿದೆವು.

ನೀನು ಗಾಡಿಯ ಬಗ್ಗೆ ಬರೆದದ್ದು ಪೂರ್ತಿ ಸರಿಯಲ್ಲ. ಕರಿ ಪಟ್ಟಿಯನ್ನು ನೀನು ಫೋಟೋದಲ್ಲಿ ನೋಡಿದ್ದೀಯ. ಫೋಟೋದವರು ಎದುರಿನಿಂದ, ಕೆಳಗಿನಿಂದ ತೆಗೆಯುತ್ತಾರೆ. ನಿಂತ ಮನುಷ್ಯನ ಎತ್ತರದಿಂದ ನೋಡಿದರೆ ಆ ಪಟ್ಟಿ ಮುಖವನ್ನು ಅಗಲ ಮಾಡುತ್ತದೆ, ಗಾಡಿ ನೆಲಕ್ಕೆ ಕೂತ ಹಾಗಾಗುತ್ತದೆ. ಬಾಗಿಲಿನ ಹಿಂದೆ ಗಾಳಿ ಒಳಗೆ ಹೋಗುವ ಸೀಳು ಇದೆಯಲ್ಲ, ಹಳೆಯದರಲ್ಲಿ ಅದು ಕೊರೆದ ತೂತಿನಂತಿತ್ತು. ಇದರಲ್ಲಿ ಭುಜದ ಗೆರೆಯೇ ಬಾಗಿ ಒಳಗೆ ಹೋಗುತ್ತದೆ. ಬೇರೆ ತಂದು ಅಂಟಿಸಿದ್ದು ಒಂದೂ ಇಲ್ಲ. ಮುಂದಿನದು ಒಬ್ಬನದು, ಹಿಂದಿನದು ಒಬ್ಬನದು ಎಂದ ಆಕಾಶನಿಗೆ ಹೇಳು, ಬದಿಗೆ ನಿಂತು ನೋಡಲಿ. ಒಂದೇ ಗೆರೆ ಮೂಗಿನಿಂದ ಬಾಲದವರೆಗೆ ಹರಿದಿದೆ.

ಇದನ್ನೆಲ್ಲ ಬರೆದು ಓದಿಕೊಂಡರೆ ನನಗೇ ಆಶ್ಚರ್ಯವಾಗುತ್ತದೆ. ಇದು ನನಗೆ ಯಾರು ಹೇಳಿಕೊಟ್ಟರು? ಅವನು ಊಟಕ್ಕೆ ಕೂತಾಗ ಆಡುತ್ತಿದ್ದ ಮಾತು ಕಿವಿಯಲ್ಲಿ ಉಳಿದಿರಬೇಕು. ನಾನು ಕೇಳುತ್ತಿರಲಿಲ್ಲ ಎಂದುಕೊಂಡಿದ್ದೆ.

ಇನ್ನೊಂದು. ನಿನ್ನೆ ಎಡಗೈಯಿಂದ ಊಟ ಮಾಡಿದೆ. ಯುವರಾಜ ಹಾಗೇ ಮಾಡುತ್ತಿದ್ದನಲ್ಲ, ಎಷ್ಟು ಬೈದರೂ ಬಿಡಲಿಲ್ಲ. ನನಗೆ ತಿಳಿಯಲೇ ಇಲ್ಲ, ಅರ್ಧ ರೊಟ್ಟಿ ಮುಗಿದಿತ್ತು. ಸುವರ್ಣಾ ನೋಡಿ ನಕ್ಕಳು. ಅವಳು ನಗುವುದನ್ನು ಕಂಡು ನಾನು ಕೈ ಬದಲಿಸಲಿಲ್ಲ.

ನಿನ್ನ
ಲಕ್ಷ್ಮೀಕಾಂತ


ನಾಗಣಸೂರ
೨ ಡಿಸೆಂಬರ್ ೨೦೨೪

ಲಕ್ಷ್ಮೀಕಾಂತ,

ನಿನ್ನೆ ಮಧ್ಯಾಹ್ನ ನಾನು ನಿನ್ನ ಗೋದಾಮಿಗೆ ಬಂದಿದ್ದೆ. ನಿನಗೆ ನೆನಪಿದೆಯೋ ಇಲ್ಲವೋ ತಿಳಿಯದು. ಆದ್ದರಿಂದ ನಡೆದದ್ದನ್ನು ನಿನಗೇ ಬರೆದು ಕಳಿಸುತ್ತಿದ್ದೇನೆ. ಓದು. ಓದಿ, ಇದು ನೀನೇನಾ ಎಂದು ನೋಡಿಕೋ.

ಸುವರ್ಣಾ ಒಂದು ಗಂಟಿನ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು, ಮನೆಯ ಪಡಸಾಲೆಯಲ್ಲಿ ಕೂತ ಹಾಗೆ. ನೀನು ಗಾಡಿಯೊಳಗೆ ಕೂತಿದ್ದೆ. ನಾನು "ಲಕ್ಷ್ಯಾ" ಎಂದು ಕೂಗಿದೆ. ನೀನು ತಿರುಗಲಿಲ್ಲ. ಎರಡನೆಯ ಸಲ ಕೂಗಿದೆ. ಆಗ ಕಿಟಕಿಯಿಂದ ಕೈ ಹೊರಗೆ ಬಂತು, ಎಡಗೈ. "ಬಿಸಿಲಾಗ ಯಾಕ ನಿಂತೀರಿ ಕಾಕಾ? ಬರ್ರಿ, ಕುಂದರ್ರಿ."

ಶಾಲೆಯ ಐದನೆಯ ಇಯತ್ತೆಯಿಂದ ನಿನ್ನನ್ನು ಬಲ್ಲೆ. ಸಿದ್ಧ್ಯಾ ಅಂದಿದ್ದೀಯ, ಕತ್ತೆ ಅಂದಿದ್ದೀಯ, ಒಮ್ಮೆ ಕಲ್ಲನ್ನೂ ಎಸೆದಿದ್ದೀಯ. ಕಾಕಾ ಅಂದವನಲ್ಲ.

ಬಂದು ಮಗ್ಗುಲಿಗೆ ಕೂತೆ. ನೀನು ಮುಂದಿನ ಗಾಜಿನ ಕಡೆ ಬೆರಳು ಮಾಡಿ ಹೇಳಿದೆ: "ಈಗ ನೋಡ್ರಿ. ಆ ಎರಡು ಉಬ್ಬು ಕಾಣ್ತಾವಲ್ಲ, ಗಾಲಿ ಮ್ಯಾಲಿಂದು? ಹಳೇದ್ರಾಗ ಕುಂತ್ರ ಮುಂದ ಏನೂ ಕಾಣ್ತಿದ್ದಿಲ್ಲ, ರಸ್ತಾ ಸೀದಾ ಎದಿಗಿ ಬರ್ತಿತ್ತು. ಕುಂತಾಂವಗ ತನ್ನ ಮೈ ಒಂಚೂರರೆ ಮುಂದ ಕಾಣಬೇಕ್ರಿ ಕಾಕಾ. ಇಲ್ಲಾಂದ್ರ ತಾ ಎಲ್ಲಿ ಮುಗೀತೀನಿ ಅನ್ನೂದು ಗೊತ್ತಾಗಂಗಿಲ್ಲ. ಅದಕ್ಕ ಮೂಗು ಉದ್ದ."

ಈಗ ಆ ಅರ್ಧಕ್ಕೆ ನಿಂತ ಮಾತನ್ನು ನಿನಗೆ ಹೇಳಬೇಕು. ದವಾಖಾನೆಯಲ್ಲಿ ಯುವರಾಜನ ಜ್ವರ ಏರುತ್ತಿದ್ದ ದಿನ, ನೀನು ಔಷಧ ತರಲು ಹೋಗಿದ್ದಾಗ, ಅವನಿಗೆ ಮನಸ್ಸು ಹಗುರಾಗಲಿ ಎಂದು ನಾನೇ ಕೆಣಕಿದ್ದೆ: ಒಳಗೆ ಏನೂ ಇಲ್ಲದ ಮೂಗು ಯಾಕಪ್ಪಾ ಅಷ್ಟು ಉದ್ದ? "ಗಾಡಿ ಬರ್ಲಿ, ಒಳಗ ಕುಂದ್ರಿಸಿ ಹೇಳ್ತೀನಿ ಕಾಕಾ" ಅಂದ. ಆ ಹೊತ್ತಿನಲ್ಲಿ ಅಲ್ಲಿ ನಾವಿಬ್ಬರೇ ಇದ್ದದ್ದು. ನಾನು ಯಾರಿಗೂ ಹೇಳಿಲ್ಲ.

ಇಳಿದು ಬಂದು ಬಾನೆಟ್ಟಿನ ಮೇಲೆ ಕೈ ಇಟ್ಟೆ. ಆ ಗಾಡಿಯನ್ನು ಯಾರೂ ಚಾಲೂ ಮಾಡಿಲ್ಲವೆಂದು ನಿನ್ನ ಕಾವಲುಗಾರ ಹೇಳಿದ್ದ. ಚಾಲೂ ಮಾಡಿದರೂ ಕಾಯುವುದು ಹಿಂದೆ. ಆದರೆ ಮೂಗು ಬೆಚ್ಚಗಿತ್ತು, ಸಣ್ಣ ಜ್ವರ ಬಂದವರ ಹಣೆಯ ಹಾಗೆ. ಬಾನೆಟ್ ಎತ್ತಿದೆ. ಜೋಳದ ಸಸಿ ಮೊಳದುದ್ದ ಬೆಳೆದು, ಹಸಿರೇ ಇಲ್ಲದೆ ಬೆಳ್ಳಗೆ, ಪೆಟ್ಟಿಗೆ ತುಂಬ ಸುತ್ತಿಕೊಂಡಿತ್ತು. ಮಣ್ಣು ಮುಟ್ಟಿದರೆ ಒಣ ಹುಡಿ. ಸಸಿಗಳೆಲ್ಲ ಬಾಗಿದ್ದು ದೀಪದ ಕಡೆಗಲ್ಲ, ಸೀಟಿನ ಕಡೆಗೆ.

ನನಗೆ ಭಯವಾಯಿತು. ಭಯಕ್ಕಿಂತ ಮೊದಲು ಸಂತೋಷವಾಗಿತ್ತು, ಹುಡುಗನ ಮಾತು ಕೇಳಿ. ಅದನ್ನೂ ಮುಚ್ಚಿಡುವುದಿಲ್ಲ.

ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಕರದೋರು ಕಳಸಬೇಕಪ್ಪ. ಕಳಸಲಿಲ್ಲಂದ್ರ ಬಂದಾಂವ ಎಲ್ಲಿಗಿ ಹೋಗಬೇಕು? ಗಡಗ್ಯಾಗ ಜಾಗಾ ಸಾಲಂಗಿಲ್ಲ. ಮಗ್ಗಲದಾಗ ಇದ್ದಾಂವನ ಜಾಗಾ ಹಿಡೀತಾನ. ವರ್ಷ ತುಂಬೂದ್ರೊಳಗ ಘಟ ಎಬ್ಬಿಸಿದ್ರ ಲಕ್ಷ್ಯಾ ಉಳೀತಾನ. ಇಲ್ಲಾಂದ್ರ ಇಲ್ಲ" ಅಂದಳು.

ಹೋಳಿ ಹುಣ್ಣಿಮೆಗೆ ಅವನು ಹೋಗಿ ವರ್ಷ ತುಂಬುತ್ತದೆ. ಲಕ್ಷ್ಯಾ, ನೀನೇ ಎದ್ದು ಹೋಗಿ ಆ ಗಡಿಗೆ ಕದಲಿಸು. ನನಗೆ ಒಂದು ಸಾಲು ಬರೆ, ನಿನ್ನ ಬಲಗೈಯಿಂದ.

ಸಿದ್ಧ್ಯಾ


ಸೊಲ್ಲಾಪುರ
೨೧ ಡಿಸೆಂಬರ್ ೨೦೨೪

ಕಾಕಾ,

ನಿಮ್ಮ ಪತ್ರ ಸಿಕ್ಕಿತು. ಅಪ್ಪನಿಗೆ ಬಂದದ್ದು, ಆದರೆ ನಾನು ಓದಿದೆ.

ನನಗೆ ಕನ್ನಡ ಬರೆಯಲು ಬರುವುದಿಲ್ಲ, ನಿಮಗೆ ಗೊತ್ತಿದೆ. ನಾನು ಮರಾಠಿ ಶಾಲೆಯವನು. ಅಪ್ಪನ ಕೈಯಲ್ಲಿ ಅಕ್ಷರ ಇವೆ. ನಾನು ಹೇಳಬೇಕೆಂದದ್ದನ್ನು ಅವೇ ಹುಡುಕಿಕೊಂಡು ಬರುತ್ತವೆ. ಎಡಗೈಯಲ್ಲಿ ಸ್ವಲ್ಪ ಸೊಟ್ಟ ಬೀಳುತ್ತವೆ, ಅಷ್ಟೇ.

ಮೂಗಿನ ಮಾತು ನೀವು ಒಪ್ಪಿದಿರೋ ಇಲ್ಲವೋ, ಅದನ್ನೇ ಬರೆದಿಲ್ಲ. ಹಿಂದಿನ ತಗಡಿನ ಬಗ್ಗೆಯೂ ಹೇಳುವುದಿದೆ. ಗಾಜಿನ ಕೆಳಗೆ ಎಂಜಿನ್ ತೋರಿಸುವುದು ಚೆಂದ ಎಂದು ನೀವು ಅನ್ನುತ್ತೀರಿ. ನನಗೂ ಹಾಗೇ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಒಳಗೆ ಕೆಲಸ ಮಾಡುವುದು ಕಾಣದಿದ್ದರೇ ಚೆಂದ. ಕಂಡರೆ ಜನ ಅದನ್ನೇ ನೋಡುತ್ತಾರೆ, ಗಾಡಿಯನ್ನು ನೋಡುವುದಿಲ್ಲ.

ಅಪ್ಪ ಒಳಗೇ ಇದ್ದಾರೆ. ಅವರಿಗೆ ನೋವಿಲ್ಲ. ಮೊದಮೊದಲು ಅಂಗಡಿಯ ಹೊತ್ತಿಗೆ ಎಚ್ಚರವಾಗುತ್ತಿದ್ದರು. ಈಗ ಹೆಚ್ಚಾಗಿ ಮಲಗಿರುತ್ತಾರೆ. ಅವರಿಗೆ ನಿದ್ದೆ ಬೇಕಿತ್ತು ಕಾಕಾ, ನಾನು ಹೋದಾಗಿನಿಂದ ಅವರು ಮಲಗಿರಲಿಲ್ಲ.

ನನಗೆ ಹೋಗಲು ಮನಸ್ಸಿಲ್ಲ. ಎಲ್ಲಿಗೆ ಹೋಗಬೇಕು ಎಂಬುದೂ ನನಗೆ ಗೊತ್ತಿಲ್ಲ. ಅವ್ವ ಬದನೆಕಾಯಿ ಎಣಗಾಯಿ ಮಾಡಿದ್ದಾಳೆ, ಕರೆಯುತ್ತಿದ್ದಾಳೆ.

ನಿಮ್ಮ
ಯುವರಾಜ


ಸೊಲ್ಲಾಪುರ
೪ ಜನವರಿ ೨೦೨೫

ಸಿದ್ಧರಾಮ ಅಣ್ಣನವರಿಗೆ ಸುವರ್ಣಾ ಮಾಡುವ ನಮಸ್ಕಾರಗಳು.

ನೀವು ಮತ್ತು ನಿಮ್ಮ ಅವ್ವ ಕಲ್ಯಾಣಮ್ಮ ಅತ್ತಿ ಬರುತ್ತೀರೆಂದು ಆಕಾಶ ಹೇಳಿದ. ಕೈ ಮುಗಿದು ಕೇಳುತ್ತೇನೆ, ಬರಬೇಡಿ.

ನೀವು ನನ್ನನ್ನು ಹುಚ್ಚಿ ಎಂದು ತಿಳಿಯಬೇಡಿ. ನಾನು ಏನು ಮಾಡಿದ್ದೇನೆಂದು ನನಗೆ ಗೊತ್ತು. ಮೊದಲನೆಯ ದಿನ ಗೊತ್ತಿರಲಿಲ್ಲ, ಬರೀ ಹೊಟ್ಟೆ ಉರಿದು ಮಾಡಿದೆ. ದಸರೆಯ ದಿನ ಗೊತ್ತಿತ್ತು. ಬಾನೆಟ್ಟಿನ ಮೇಲೆ ಕೈಯಿಟ್ಟಾಗ ಅವನ ಮೈ ಬಿಸಿ ನನ್ನ ಕೈಗೆ ಹತ್ತಿತು. ಹೆತ್ತವಳಿಗೆ ಅದು ತಪ್ಪುತ್ತದೆಯೇ? ಅದಕ್ಕೇ ಎಬ್ಬಿಸಲಿಲ್ಲ.

ಇವರು ಒಳ್ಳೆಯವರು. ನನ್ನನ್ನು ಎಂದೂ ಒಂದು ಮಾತು ಅಂದವರಲ್ಲ. ಇವರ ಜೊತೆ ನಾನು ಮೂವತ್ತು ವರ್ಷ ಬಾಳಿದ್ದೇನೆ, ನನ್ನ ಪಾಲಿನ ಗಂಡ ನನಗೆ ತುಂಬ ಸಿಕ್ಕಿದ್ದಾನೆ. ಮಗ ಸಿಗಲಿಲ್ಲ. ಅವನ ಮದುವೆ ನೋಡಲಿಲ್ಲ, ಅವನ ತಲೆ ನರೆಯುವುದನ್ನು ನೋಡಲಿಲ್ಲ. ಈಗ ಕನ್ನಡಿಯ ಮುಂದೆ ನಿಂತು ಇವರ ಬಿಳಿ ಕೂದಲು ಮುಟ್ಟಿ, "ಅವ್ವಾ, ನಾ ಮುದುಕ ಆದ್ರ ಹಿಂಗ ಕಾಣ್ತೀನಿ" ಎಂದು ನಗುತ್ತಾನೆ. ನಾನೂ ನಗುತ್ತೇನೆ. ಆಮೇಲೆ ಅಡುಗೆಮನೆಗೆ ಹೋಗಿ ಅಳುತ್ತೇನೆ, ಇವರಿಗಾಗಿ. ಯಾರೂ ನನಗೆ ಎರಡನ್ನೂ ಕೊಡುವುದಿಲ್ಲ ಅಣ್ಣಾ. ನಾನು ಒಂದನ್ನು ಇಟ್ಟುಕೊಂಡಿದ್ದೇನೆ.

ಇದು ಪಾಪವಾದರೆ ನನಗೇ ತಟ್ಟಲಿ. ನೀವು ನಡುವೆ ಬರಬೇಡಿ.

ನಿಮ್ಮ ತಂಗಿಯೆಂದು ತಿಳಿದು ಕ್ಷಮಿಸಿ.
ಸುವರ್ಣಾ


ನಾಗಣಸೂರ
೧೨ ಜನವರಿ ೨೦೨೫

ಚಿರಂಜೀವಿ ಯುವರಾಜನಿಗೆ,

ಚಿರಂಜೀವಿ ಎಂದು ಬರೆದು ಪೆನ್ನು ನಿಂತಿತು. ಚಿಕ್ಕವರಿಗೆ ಹಾಗೇ ಬರೆಯುವುದು ರೂಢಿ, ಹೊಡೆದು ಹಾಕಲು ಕೈ ಬರಲಿಲ್ಲ.

ಮೂಗಿನ ಮಾತು ಒಪ್ಪಿದೆ. ನೀನು ಗೆದ್ದೆ. ಮಂಡಳಿಯಲ್ಲಿ ಎಲ್ಲರೆದುರು ಬರೆಯುತ್ತೇನೆ, ಆ ಗಾಡಿಯ ರೂಪ ಸರಿಯಾಗಿದೆ, ಕಾಣದೆ ಬೈದವರು ನಾವು ಎಂದು. ನಿನ್ನಂಥ ಕಣ್ಣು ನಮ್ಮ ಸೀಮೆಯಲ್ಲಿ ಇನ್ನೊಬ್ಬನಿಗಿಲ್ಲ. ಅದನ್ನು ನಿನ್ನ ಮುಖ ನೋಡಿ ಹೇಳಬೇಕಿತ್ತು, ಕೆಣಕುವುದರಲ್ಲೇ ದಿನ ಕಳೆದೆ.

ಈಗ ನನ್ನ ಮಾತು ಕೇಳು. ನಿನ್ನ ಜೊತೆ ಇನ್ನೂ ಹತ್ತು ವರ್ಷ ಜಗಳಾಡುವ ಆಸೆ ನನಗಿದೆ. ನಿನ್ನ ಕಾಗದ ತಲೆದಿಂಬಿನ ಕೆಳಗಿದೆ. ಆದರೆ ಅದನ್ನು ಓದುವಾಗಲೆಲ್ಲ ಅಕ್ಷರ ನೋಡುತ್ತೇನೆ. 'ಳ' ಬರೆಯುವಾಗ ಬಾಲವನ್ನು ಮೇಲಕ್ಕೆ ಎತ್ತುವುದನ್ನು ನಿನ್ನ ಅಪ್ಪನಿಗೆ ನಾನು ಕಲಿಸಿದ್ದು, ಮಾಸ್ತರರ ಹೊಡೆತ ತಪ್ಪಲೆಂದು. ಆ ಬಾಲ ನೋಡಿ ನನಗೆ ಅವನು ಬೇಕು ಅನ್ನಿಸುತ್ತದೆ. ಕಡು ಲೋಭಿ, ಗಾಡಿ ಎಂದರೆ ಹಾರ್ನು ಎನ್ನುವ ದಡ್ಡ. ಅವನು ನಿದ್ದೆ ಮಾಡುತ್ತಾನೆ ಎಂದೆಯಲ್ಲ? ಅವನ ಪಾಲಿನ ಅಳು ಅವನು ಅತ್ತಿಲ್ಲ ಮಗಾ. ಮಲಗಿಸಿಬಿಟ್ಟರೆ ಅದು ಯಾವಾಗ ಮುಗಿಯಬೇಕು?

ಎಲ್ಲಿಗೆ ಹೋಗಬೇಕೋ ಗೊತ್ತಿಲ್ಲ ಎಂದು ಬರೆದಿದ್ದೀಯ. ನನಗೂ ಗೊತ್ತಿಲ್ಲ. ಸುಳ್ಳು ಸಮಾಧಾನ ಹೇಳುವುದಿಲ್ಲ. ಹೊಲದ ತನಕ ನಾನು ಜೊತೆಗಿರುತ್ತೇನೆ, ಅಷ್ಟನ್ನು ಮಾತ್ರ ಹೇಳಬಲ್ಲೆ. ಆ ಮಣ್ಣು ನಮ್ಮ ಹೊಲದ್ದು. ಮಣ್ಣು ಕೊಟ್ಟವರೂ ಘಟ ಎಬ್ಬಿಸಬಹುದೆಂದು ಅವ್ವ ಅನ್ನುತ್ತಾಳೆ. ಸಂಕ್ರಾಂತಿ ಕಳೆದ ಮೇಲೆ ಬರುತ್ತೇನೆ. ನಿನ್ನ ಅವ್ವ ತಡೆಯುತ್ತಾಳೆ. ನೀನು ತಡೆಯಬೇಡ.

ನಿನ್ನ
ಕಾಕಾ


ಸೊಲ್ಲಾಪುರ
೩ ಫೆಬ್ರವರಿ ೨೦೨೫

ಸಿದ್ಧ್ಯಾ,

ಇದನ್ನು ಬಲಗೈಯಿಂದ ಬರೆಯುತ್ತಿದ್ದೇನೆ.

ನನಗೆ ನೆನಪಿರುವುದು ದೀಪಾವಳಿಯ ನಂತರ ನಿನಗೆ ಬರೆದ ಕಾಗದದವರೆಗೆ. ಆಮೇಲೆ ಒಮ್ಮೆಲೇ ಎಚ್ಚರಾದದ್ದು ಗೋದಾಮಿನ ಗಂಟಿನ ಮೇಲೆ. ಮೈ ಮೇಲೆ ಯಾರೋ ಚಾದರು ಹೊದಿಸಿದ್ದರು. ಬೇಸಿಗೆ ಶುರುವಾಗುವ ಬಿಸಿಲು ಬಾಗಿಲಲ್ಲಿ ಬಿದ್ದಿತ್ತು. ಉಳಿದದ್ದನ್ನು ನಿಮ್ಮ ಜೊತೆ ಬಂದು ನನ್ನ ಹತ್ತಿರ ಉಳಿದ ಆಕಾಶ ಹೇಳಿದ. ನೀನು ಕಲ್ಯಾಣಮ್ಮನನ್ನು ಕರೆದುಕೊಂಡು ಬಂದು ಬಾನೆಟ್ ಎತ್ತಿದೆಯಂತೆ. ಸುವರ್ಣಾ ನಿನ್ನ ಕಾಲು ಹಿಡಿದಳಂತೆ. ನಾನು, ಅಂದರೆ ನಾನಲ್ಲ, ಗಾಡಿಯಿಂದ ಇಳಿದು ಬಂದು ಅವಳ ಕೈ ಬಿಡಿಸಿ, "ಇರ್ಲಿ ಅವ್ವಾ" ಅಂದೆನಂತೆ. ನೀನು ಗಡಿಗೆ ಕದಲಿಸುವಾಗ ಅಳುತ್ತಿದ್ದೆಯಂತೆ. ಸಸಿಗಳನ್ನು ಅಂಗವಸ್ತ್ರದಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಹಿಡಿದು ಜೀಪು ಹತ್ತಿದೆಯಂತೆ.

ಅವತ್ತು ಸಂಜೆಯವರೆಗೆ ಅತ್ತೆ. ಮಗ ಹೋದ ಮೇಲೆ ಅಳದವನು ಗಂಟಿಗೆ ಮುಖವಿಟ್ಟು ದನದ ಹಾಗೆ ಅತ್ತೆ. ಹಮಾಲರು ಕೆಲಸ ನಿಲ್ಲಿಸಿ ಹೊರಗೆ ಹೋದರು.

ನಿನ್ನ ಕಾಗದಗಳನ್ನೆಲ್ಲ ಈಗ ಓದಿದೆ. ಓದಿ ಗಾಡಿಯ ಮುಂದೆ ಹೋಗಿ ನಿಂತೆ. ಸಿದ್ಧ್ಯಾ, ನನಗೆ ಏನೂ ತಿಳಿಯುವುದಿಲ್ಲ. ನೀಲಿ ಇದೆ, ನಾಲ್ಕು ಗಾಲಿ ಇವೆ. ಚೆಂದ ಇದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಭುಜದ ಗೆರೆ ಎಂದು ನಾನೇ ಬರೆದಿದ್ದೇನಲ್ಲ, ಅದು ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಬಾನೆಟ್ ಮುಟ್ಟಿದೆ. ತಣ್ಣಗಿತ್ತು.

ನೀನು ನನ್ನನ್ನು ಕರೆದುಕೊಂಡು ಬಂದೆ. ಉಪಕಾರವಾಯಿತು ಎಂದು ಬರೆಯಬೇಕು, ಬರೆಯುತ್ತೇನೆ. ಆದರೆ ಮನೆಗೆ ಬಂದ ಮೇಲೆ ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಕೈಕಾಲು ತೊಳೆದು ಊಟಕ್ಕೆ ಕೂತೆ. ಸುವರ್ಣಾ ತಾಟು ತಂದಿಟ್ಟು ಎದುರಿಗೆ ಕೂತಳು. ಬದನೆಕಾಯಿ ಎಣಗಾಯಿ, ಸಜ್ಜೆ ರೊಟ್ಟಿ. ಅವಳು ನನ್ನ ಮುಖ ನೋಡಲಿಲ್ಲ, ಕೈಗಳನ್ನೇ ನೋಡುತ್ತಿದ್ದಳು. ನಾನು ಬಲಗೈಯಿಂದ ರೊಟ್ಟಿ ಮುರಿದೆ. ಆಗ ತಲೆ ಎತ್ತಿದಳು. ಸಿಟ್ಟಿರಲಿಲ್ಲ. ಊರಿಗೆ ಬಂದ ಅಪರಿಚಿತನನ್ನು ವಿಚಾರಿಸುವ ಹಾಗೆ, ಮೆತ್ತಗೆ ಕೇಳಿದಳು:

"ನೀವ್ಯಾಕ ಬಂದ್ರಿ?"

ಲಕ್ಷ್ಮೀಕಾಂತ